ಹಸಿರು ಗುರುವಾರದ ಸೊಪ್ಪು

ಎರ್ಮಾ ಕಿಸ್ಲರ್ ಸೊಪ್ಪು ಕೊಯ್ಯುವುದನ್ನು ಕಲಿತದ್ದು ತಾಯಿಯ ಬೆನ್ನ ಹಿಂದೆ ನಡೆಯುತ್ತ, ಇನ್ನೂ ಶಾಲೆಗೆ ಸೇರದ ವಯಸ್ಸಿನಲ್ಲಿ. ಪೆನ್ಸಿಲ್ವೇನಿಯಾದ ಹೈನ್ಲಿಟೌನಿನಲ್ಲಿ ಹಿಂದೆ ಜರ್ಮನಿಯಿಂದ ಬಂದವರ ಮನೆತನಗಳೇ ಹೆಚ್ಚು. ಈಸ್ಟರ್ ಹಬ್ಬದ ಹಿಂದಿನ ಗುರುವಾರವನ್ನು ಅವರು ಹಸಿರು ಗುರುವಾರವೆಂದು ಕರೆಯುತ್ತಾರೆ. ಆ ದಿನ ಹಸಿರಾದದ್ದನ್ನು ಏನಾದರೂ ತಿನ್ನಲೇಬೇಕು. ತಿಂದವರಿಗೆ ವರ್ಷವಿಡೀ ಕಾಯಿಲೆ ಬಾರದು. ತಿನ್ನದವರು ಕತ್ತೆಗಳಾಗುತ್ತಾರೆ ಎಂದು ಮಕ್ಕಳನ್ನು ಹೆದರಿಸುವುದೂ ಉಂಟು. ಹಸಿರು ಎಂದರೆ ಅವರಿಗೆ ಬೇರೇನೂ ಅಲ್ಲ, ಡ್ಯಾಂಡೆಲಿಯನ್. ಹಿಮ ಕರಗಿದ ಮೇಲೆ ಹುಲ್ಲಿನ ನಡುವೆ ನೆಲಕ್ಕಂಟಿ ಹರಡುವ, ಗರಗಸದಂಥ ಅಂಚಿನ ಎಲೆಗಳ ಪುಟ್ಟ ಗಿಡ. ಹಳದಿ ಹೂವು ಅರಳುವ ಮುನ್ನ ಕೊಯ್ದರೆ ನಾಲಗೆಗೆ ಹಿತವಾದ ಕಹಿ. ಅರಳಿದ ಮೇಲೆ ಅದನ್ನು ಬಾಯಿಗಿಡಲಾಗದು.

ತಾಯಿ ತೀರಿಕೊಂಡ ಮೇಲೆ ಚರ್ಚಿನ ಹಸಿರು ಗುರುವಾರದ ಊಟಕ್ಕೆ ಸೊಪ್ಪು ಒದಗಿಸುವ ಕೆಲಸ ಎರ್ಮಾಳ ಪಾಲಿಗೆ ಬಂತು. ಯಾರೂ ವಹಿಸಲಿಲ್ಲ, ಆಕೆಯೂ ಕೇಳಲಿಲ್ಲ. ಆ ವರ್ಷ ಬುಟ್ಟಿ ಹಿಡಿದುಕೊಂಡು ಚರ್ಚಿನ ಅಡುಗೆಮನೆಗೆ ಹೋದಳು, ಅಷ್ಟೆ. ಆಮೇಲೆ ಪ್ರತಿವರ್ಷವೂ ಹೋದಳು. ಹಂದಿಮಾಂಸದ ತೆಳು ಹೋಳುಗಳನ್ನು ಹುರಿದು, ಬಿಟ್ಟ ಕೊಬ್ಬಿಗೆ ವಿನೆಗರ್, ಸಕ್ಕರೆ, ಮೊಟ್ಟೆ, ಹಾಲು ಸೇರಿಸಿ ಕುದಿಸಿ, ಆ ಬಿಸಿ ಗೊಜ್ಜನ್ನು ಹಸಿ ಸೊಪ್ಪಿನ ಮೇಲೆ ಸುರಿಯುವಾಗ ಅಡುಗೆಮನೆಯ ಹೆಂಗಸರೆಲ್ಲ ಸುತ್ತ ನಿಂತು ಮೂಗರಳಿಸುತ್ತಿದ್ದರು. ಗೊಜ್ಜನ್ನು ಯಾರು ಬೇಕಾದರೂ ಮಾಡಬಹುದಿತ್ತು. ಸೊಪ್ಪು ಮಾತ್ರ ಎರ್ಮಾಳದೇ ಆಗಬೇಕು.

ಇಂಥ ಎರ್ಮಾಳ ಗಂಡ ಲೂಥರ್. ಊರಿನ ಸಿಮೆಂಟ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ದಿನವಿಡೀ ಬೂದಿಬಣ್ಣದ ಧೂಳನ್ನೇ ನೋಡಿ ಬರುತ್ತಿದ್ದವನಿಗೆ ಮನೆಯ ಸುತ್ತ ಒಂದೇ ಬಣ್ಣದ, ಒಂದೇ ಎತ್ತರದ ಹಸಿರು ಬೇಕೆನಿಸಿತು. ಅದರಲ್ಲಿ ತಪ್ಪೇನಿದೆ? ಮುಂದಿನ ಅಂಗಳದ ಹುಲ್ಲುಹಾಸನ್ನು ಆತ ಸಾಕಿದಂತೆ ಕೆಲವರು ಮಕ್ಕಳನ್ನೂ ಸಾಕುವುದಿಲ್ಲ. ಬೀದಿಯಲ್ಲಿ ಹೋಗುವವರು ಕಾರಿನ ವೇಗ ತಗ್ಗಿಸಿ ನೋಡುತ್ತಿದ್ದರು. ವಸಂತದ ಮೊದಲಲ್ಲಿ ಅಂಗಳದ ಫೋರ್ಸಿಥಿಯಾ ಪೊದೆ ಹಳದಿ ಹೂ ಬಿಟ್ಟೊಡನೆ ಆತ ಕಳೆನಾಶಕದ ಡಬ್ಬ ಹೊರತೆಗೆಯುತ್ತಿದ್ದ. ಆ ಹೂವು ಉದುರುವುದರೊಳಗೆ ಮದ್ದು ನೆಲ ಸೇರದಿದ್ದರೆ ಬೇಸಿಗೆಯ ಕಳೆ ತಲೆಯೆತ್ತುತ್ತದೆ ಎಂಬುದು ಆತನ ಲೆಕ್ಕ.

"ನೋಡು ಎರ್ಮಾ," ಎನ್ನುತ್ತಿದ್ದ, "ಒಂದೇ ಗಿಡ. ನಾನು ಸಾಯಿಸ್ತೀನಿ, ನೀನು ಬಡಿಸ್ತೀಯ. ನಮ್ಮಂಥ ಜೋಡಿ ಈ ಊರಲ್ಲಿ ಇನ್ನೊಂದಿಲ್ಲ."

"ಬಡಿಸಿದ್ದನ್ನ ಎರಡು ಸಲ ಹಾಕಿಸಿಕೊಂಡು ತಿನ್ನೋನೂ ನೀನೇ," ಎನ್ನುತ್ತಿದ್ದಳು ಎರ್ಮಾ.

ಮದುವೆಯಾದ ಹೊಸತರಲ್ಲೇ ಇಬ್ಬರೂ ಒಂದು ಒಪ್ಪಂದಕ್ಕೆ ಬಂದಿದ್ದರು. ಮುಂದಿನ ಅಂಗಳ ಆತನದು. ಯಾವಾಗ ಬೇಕಾದರೂ ಸಿಂಪಡಿಸಿಕೊಳ್ಳಲಿ. ಹಿತ್ತಿಲಿಗೆ ಹಸಿರು ಗುರುವಾರ ಮುಗಿಯುವ ತನಕ ಒಂದು ಹನಿಯೂ ಬೀಳಕೂಡದು. ಗುರುವಾರ ಕಳೆದ ಮೇಲೆ ಹಿತ್ತಿಲಿಗೂ ಸಿಂಪಡಿಸುತ್ತಿದ್ದ. ಆದರೆ ಆತನ ಕಣ್ಣು ತಪ್ಪಿಸಿ ಅಷ್ಟಿಷ್ಟು ಗಿಡ ಉಳಿಯುತ್ತಿತ್ತು, ಅಥವಾ ಆತನೇ ಉಳಿಸುತ್ತಿದ್ದ. ಅದನ್ನು ಇಬ್ಬರೂ ಬಿಡಿಸಿ ನೋಡಲಿಲ್ಲ. ವರ್ಷದ ಮಳೆ, ಹಿಮ ಬಿದ್ದು ತೊಳೆದುಹೋಗುತ್ತದೆ ಎಂದು ಎರ್ಮಾ ಸಮಾಧಾನ ಹೇಳಿಕೊಳ್ಳುತ್ತಿದ್ದಳು. ಈಸ್ಟರ್ ಬೇಗ ಬಂದ ವರ್ಷ ತೊಂದರೆಯೇ ಇರಲಿಲ್ಲ. ತಡವಾಗಿ ಬಂದ ವರ್ಷ ಲೂಥರ್ ಫೋರ್ಸಿಥಿಯಾ ಪೊದೆಯನ್ನು ನೋಡಿ ನಿಟ್ಟುಸಿರುಬಿಡುತ್ತ, ಹಿತ್ತಿಲ ಕಡೆ ಬೆನ್ನು ಹಾಕಿ ಕುಳಿತಿರುತ್ತಿದ್ದ.

ಆ ವರ್ಷ ಈಸ್ಟರ್ ಬಹಳ ತಡವಾಗಿತ್ತು. ಚಳಿಗಾಲದಲ್ಲಿ ಲೂಥರನ ಮೊಣಕಾಲಿನ ಶಸ್ತ್ರಚಿಕಿತ್ಸೆಯೂ ಆಗಿತ್ತು. ಡಬ್ಬ ಹೊತ್ತು ತಿರುಗಲು ಆಗದೆಂದು ಹುಲ್ಲಿಗೆ ಮದ್ದು ಸಿಂಪಡಿಸುವ ಒಂದು ಕಂಪನಿಗೆ ಫೋನಿನಲ್ಲಿ ಕೆಲಸ ಒಪ್ಪಿಸಿದ. "ಹಿಂದೆ ಮುಂದೆ ಎಲ್ಲಾ ಹೊಡೀರಿ. ಫೋರ್ಸಿಥಿಯಾ ಹೂ ಬಿಟ್ಟ ಕೂಡ್ಲೇ ಬನ್ನಿ," ಎಂದ. ಹಿತ್ತಿಲ ಮಾತು ಆತನಿಗೆ ಹೊಳೆಯಲಿಲ್ಲ. ನಲವತ್ತು ವರ್ಷ ತನ್ನ ಕೈಯೇ ಪಾಲಿಸಿಕೊಂಡು ಬಂದ ಒಪ್ಪಂದವನ್ನು ಬಾಯಿಬಿಟ್ಟು ಇನ್ನೊಬ್ಬರಿಗೆ ಹೇಳಬೇಕಾಗುತ್ತದೆಂದು ಆತನಿಗೆ ತೋಚಲೇ ಇಲ್ಲ.

ಕಂಪನಿಯವನು ಬಂದದ್ದು ಹಬ್ಬದ ವಾರದ ಮಂಗಳವಾರ. ಎರ್ಮಾ ಚರ್ಚಿನಲ್ಲಿ ಮೇಜುಗಳಿಗೆ ಬಟ್ಟೆ ಹಾಸುತ್ತಿದ್ದಳು. ಲೂಥರ್ ಮೊಣಕಾಲಿನ ವ್ಯಾಯಾಮಕ್ಕೆ ಆಸ್ಪತ್ರೆಗೆ ಹೋಗಿದ್ದ. ಹಿಂದಿರುಗಿದಾಗ ಬೀದಿಯ ಅಂಚಿನಲ್ಲಿ ಪುಟ್ಟ ಹಳದಿ ಬಾವುಟಗಳು ನಿಂತಿದ್ದವು. ಮದ್ದು ಬಿದ್ದಿದೆ, ಹುಲ್ಲಿನ ಮೇಲೆ ಕಾಲಿಡಬೇಡಿ ಎಂದು ತಿಳಿಸಲು ನೆಡುವ ಬಾವುಟಗಳು. ಅವು ಲೂಥರನಿಗೆ ಯಾವತ್ತೂ ಇಷ್ಟವಿಲ್ಲ. ನುಣ್ಣನೆಯ ಮುಖದ ಮೇಲೆ ಮೊಡವೆ ಎದ್ದಂತೆ ಕಾಣುತ್ತವೆ ಎಂದು ಗೊಣಗುತ್ತ, ಕುಂಟುತ್ತಲೇ ಎಲ್ಲವನ್ನೂ ಕಿತ್ತು ಗ್ಯಾರೇಜಿನಲ್ಲಿ ಎಸೆದ. ಹಿತ್ತಿಲ ಕಡೆಗೆ ಸುತ್ತಿಹೋಗಲು ಕಾಲು ಒಪ್ಪಲಿಲ್ಲ.

ಬುಧವಾರ ಎರ್ಮಾ ಬೆಳಗಿನಿಂದ ಹಿತ್ತಿಲಲ್ಲಿ ಕುಳಿತು ಸೊಪ್ಪು ಕೊಯ್ದಳು. ಬಿಸಿಲು ಬಿದ್ದ ಕಡೆ ಹೂವು ಬಂದಾಗಿತ್ತು. ಬೇಲಿಯ ನೆರಳಿನಲ್ಲಿ ಇನ್ನೂ ಎಳೆಯದಿತ್ತು. ಸಂಜೆ ನೆಲಮಾಳಿಗೆಯ ತೊಟ್ಟಿಯಲ್ಲಿ ತೊಳೆಯತೊಡಗಿದಳು. ಮೊದಲು ತಣ್ಣೀರಿನಲ್ಲಿ, ಮಣ್ಣು ಹೋಗಲೆಂದು. ಆಮೇಲೆ ಹುಳುಹುಪ್ಪಟೆ ಬಿಡಲೆಂದು ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ. ಬೆಚ್ಚನೆಯ ನೀರು ಎಲೆಗೆ ತಾಗಿದ್ದೇ ತಡ, ಒಂದು ವಾಸನೆ ಮೇಲೆದ್ದಿತು.

ಆ ವಾಸನೆ ಆಕೆಗೆ ಹೊಸದಲ್ಲ. ಲೂಥರನ ಪ್ಯಾಂಟುಗಳನ್ನು ವಸಂತ ಕಾಲದಲ್ಲಿ ಆಕೆ ಬೇರೆ ಬಟ್ಟೆಗಳ ಜೊತೆ ಎಂದೂ ಒಗೆದವಳಲ್ಲ.

ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದಳು. "ಲೂಥರ್! ಹಿತ್ತಿಲಿಗೆ ಯಾರು ಬಂದಿದ್ರು?"

"ಯಾರೂ ಇಲ್ವಲ್ಲ. ಕಂಪನಿಯವನು ನಿನ್ನೆ ಮುಂದೆ ಹೊಡೆದುಕೊಂಡು ಹೋಗಿದಾನೆ."

"ಹೊಡೆದುಹೋಗಿದ್ರೆ ಬಾವುಟ ಎಲ್ಲಿ?"

ಮೇಲೆ ಕುರ್ಚಿ ಸರಿದ ಸದ್ದಾಯಿತು. ಆಮೇಲೆ ಫೋನಿನಲ್ಲಿ ಲೂಥರ್ ಯಾರೊಡನೆಯೋ ಮಾತನಾಡುವುದು ಕೇಳಿಸಿತು. ಮೊದಲು ಜೋರಾಗಿದ್ದ ಆತನ ದನಿ ಬರಬರುತ್ತ ಇಳಿಯಿತು. ಕೊನೆಗೆ ಒಂದೊಂದೇ ಮೆಟ್ಟಿಲು ಇಳಿದು ಬಂದು ತೊಟ್ಟಿಯ ಎದುರು ನಿಂತ.

"ಹಿಂದೆ ಮುಂದೆ ಎಲ್ಲಾ ಅಂತ ನಾನೇ ಹೇಳಿದ್ದಂತೆ," ಎಂದ.

ಎರ್ಮಾ ಬೈಯಲಿಲ್ಲ. ಬೈದಿದ್ದರೆ ಲೂಥರನಿಗೆ ಸುಲಭವಾಗುತ್ತಿತ್ತು. ಒದ್ದೆ ಕೈಗಳನ್ನು ಏಪ್ರನ್ನಿಗೆ ಒರೆಸಿಕೊಂಡು ಮೇಲೆ ಹೋಗಿ ಫರ್ನ್‌ಗೆ ಫೋನ್ ಮಾಡಿದಳು. ಫರ್ನ್ ಎಂದರೆ ಚರ್ಚಿನ ಅಡುಗೆಮನೆಯ ಗೆಳತಿ, ಗೊಜ್ಜು ಕುದಿಸುವವಳು, ಚಿಕ್ಕಂದಿನಿಂದಲೂ ಒಡನಾಡಿದವಳು.

"ಅಯ್ಯೋ, ಇನ್ನೆರಡು ನೀರಲ್ಲಿ ತೊಳಿ ಕಣೆ," ಎಂದಳು ಫರ್ನ್. "ವಿನೆಗರ್ ಬೀಳುತ್ತೆ, ಬಿಸಿ ಬೀಳುತ್ತೆ. ಯಾರಿಗ್ ಗೊತ್ತಾಗುತ್ತೆ? ನಿನ್ನ ಗಂಡ ಆ ಮದ್ದಲ್ಲೇ ಸ್ನಾನ ಮಾಡ್ತಾ ಬಂದಿದಾನೆ, ಕಲ್ಲುಗುಂಡಿನ ಹಾಗಿದಾನೆ."

"ನನಗೆ ಗೊತ್ತಾಗುತ್ತಲ್ಲ ಫರ್ನ್. ವರ್ಷವಿಡೀ ಆರೋಗ್ಯ ಇರ್ಲಿ ಅಂತ ತಾನೇ ಅವರು ತಿನ್ನೋದು? ಅದೇ ತಟ್ಟೇಲಿ ಇದನ್ನ ಹೇಗೆ ಹಾಕ್ಲಿ?"

"ಹಾಗಾದ್ರೆ ಅಂಗಡೀಲಿ ಎಂಡೈವ್ ಸೊಪ್ಪು ಸಿಗುತ್ತೆ, ತಂದ್ರಾಯ್ತು. ಅದೂ ಹಸಿರೇ."

"ಎಂಡೈವ್ ತರೋಕೆ ನಾನ್ಯಾಕೆ ಬೇಕು? ಅದನ್ನ ಯಾರ್ ಬೇಕಾದ್ರೂ ತರ್ತಾರೆ," ಎಂದು ಎರ್ಮಾ ಫೋನ್ ಇಟ್ಟಳು.

ತೊಳೆದ ಸೊಪ್ಪನ್ನೆಲ್ಲ ಕಸದ ಚೀಲಕ್ಕೆ ತುಂಬಿದಳು. ಗೊಬ್ಬರದ ರಾಶಿಗೆ ಹಾಕೋಣವೇ ಎಂದು ಲೂಥರ್ ಮೆಲ್ಲಗೆ ಕೇಳಿದ. "ಹಾಕಿದ್ರೆ ಬೇಸಿಗೇಲಿ ನನ್ನ ಟೊಮ್ಯಾಟೊ ಎಲೆ ಎಲ್ಲಾ ಸುರುಟಿಕೊಳ್ಳುತ್ತೆ," ಎಂದಳು. ಲೂಥರ್ ಚೀಲವನ್ನು ತಾನೇ ಹೊತ್ತು ಹೊರಗಿಟ್ಟು ಬಂದ.

ಗುರುವಾರ ಬೆಳಗ್ಗೆ ಎರ್ಮಾ ಖಾಲಿ ಬುಟ್ಟಿ ಹಿಡಿದು ಕಾರು ಹತ್ತಿದಳು. ಊಟ ಸಂಜೆಗೆ. ತಮ್ಮ ಬೀದಿ, ಪಕ್ಕದ ಬೀದಿ, ಶಾಲೆಯ ಬೀದಿ ಎಲ್ಲ ಸುತ್ತಿದಳು. ಹುಲ್ಲು ಎಲ್ಲ ಕಡೆಯೂ ಚೆನ್ನಾಗಿತ್ತು, ಎಲ್ಲ ಕಡೆಯೂ ಅಂಚಿನಲ್ಲಿ ಹಳದಿ ಬಾವುಟ. ಬಾವುಟವಿಲ್ಲದ ಕಡೆ ಡ್ಯಾಂಡೆಲಿಯನ್ನೂ ಇಲ್ಲ. ಅಲ್ಲಿ ಹಿಂದಿನ ವರ್ಷಗಳಲ್ಲೇ ಕೆಲಸ ಮುಗಿದಿತ್ತು. ಚರ್ಚಿನ ಸ್ಮಶಾನಕ್ಕೂ ಹೋದಳು. ಅಲ್ಲಿಯ ಹುಲ್ಲು ನೋಡಿಕೊಳ್ಳುವ ಸಮಿತಿಗೆ ಲೂಥರನೇ ಅಧ್ಯಕ್ಷ. ಇನ್ನು ಹೆದ್ದಾರಿಯ ಪಕ್ಕ ಹಿಮ ಕರಗಲೆಂದು ಚಳಿಗಾಲದಲ್ಲಿ ಚೆಲ್ಲಿದ ಉಪ್ಪು, ಲಾರಿಗಳ ಮಸಿ. ತಾಯಿಯ ಜೊತೆ ಹೋಗುವಾಗ ಮನೆಬಾಗಿಲು ದಾಟಿದರೆ ಸಾಕು ಬುಟ್ಟಿ ತುಂಬುತ್ತಿತ್ತು.

ಮನೆಗೆ ಬಂದು ಕಾರು ನಿಲ್ಲಿಸಿದಾಗ ಪಕ್ಕದ ಮನೆಯ ಅಂಗಳ ಕಣ್ಣಿಗೆ ಬಿತ್ತು. ಪಕ್ಕದ ಮನೆಯವನು ರಸ್ಸಲ್ ಬೈಟ್ಲರ್. ಲಾರಿ ಚಾಲಕ; ಹೆಂಡತಿ ಬಿಟ್ಟುಹೋದ ಮೇಲೆ ಒಬ್ಬನೇ ಇದ್ದ, ವಾರದ ಅರ್ಧ ಭಾಗ ಊರಲ್ಲಿರುತ್ತಿರಲಿಲ್ಲ. ಅವನ ಅಂಗಳದಲ್ಲಿ ಹುಲ್ಲಿಗಿಂತ ಕಳೆಯೇ ಹೆಚ್ಚಿತ್ತು. ಅಲ್ಲಿಂದ ಹಾರುವ ಬೀಜಗಳು ನೇರ ತನ್ನ ಅಂಗಳಕ್ಕೇ ಬರುತ್ತವೆಂದು ಲೂಥರನ ದೂರು. ಹಿಂದಿನ ಬೇಸಿಗೆಯಲ್ಲಿ ಹುಲ್ಲು ಊರಿನ ನಿಯಮದ ಎತ್ತರ ಮೀರಿ ಮೊಣಕಾಲು ಮುಟ್ಟಿದಾಗ ಲೂಥರ್ ಊರಿನ ಕಚೇರಿಗೆ ಫೋನ್ ಮಾಡಿ ಹೇಳಿದ್ದ. ಅಲ್ಲಿಯವರು ಬಂದು ಅಳತೆಕೋಲಿನಿಂದ ಅಳೆದು ಕೊಯ್ಯಿಸಿದ್ದರು. ಫೋನ್ ಮಾಡಿದವರು ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ. ಆವತ್ತಿನಿಂದ ಎರಡೂ ಮನೆಗಳ ನಡುವೆ ಮಾತಿಲ್ಲ.

"ನೀನೇ ಹೋಗಿ ಕೇಳು," ಎಂದಳು ಎರ್ಮಾ, ಗಂಡನಿಗೆ.

"ನಾನಾ? ಅವನ ಹತ್ರಾನಾ? ಬಾಗಿಲು ಮುಖಕ್ಕೆ ಬಡೀತಾನೆ."

"ಬಡಿದ್ರೆ ಬಡೀಲಿ. ನೀನು ಕೇಳು. ನಾನು ಪಕ್ಕದಲ್ಲಿರ್ತೀನಿ."

ರಸ್ಸಲ್ ಬಾಗಿಲು ತೆರೆದಾಗ ಕೈಯಲ್ಲಿ ಕಾಫಿ ಇತ್ತು. ಲೂಥರನನ್ನು ನೋಡಿದ, ಆಮೇಲೆ ತನ್ನ ಅಂಗಳವನ್ನು ನೋಡಿದ.

"ಇನ್ನೂ ಮೊಣಕಾಲ ತನಕ ಬಂದಿಲ್ವಲ್ಲ ಮಿಸ್ಟರ್ ಕಿಸ್ಲರ್. ಈಗ್ಲೇ ಅಳೆಯೋಕೆ ಬಂದ್ರಾ?"

"ಅಳೆಯೋಕಲ್ಲಪ್ಪ. ಕೊಯ್ಯೋಕೆ."

"ನನ್ನ ಹುಲ್ಲನ್ನ ನೀವು ಕೊಯ್ತೀರಾ?"

"ಹುಲ್ಲಲ್ಲ," ಎಂದು ಲೂಥರ್ ಗಂಟಲು ಸರಿಮಾಡಿಕೊಂಡ. "ಕಳೆ."

ರಸ್ಸಲ್ ನಕ್ಕ ರಭಸಕ್ಕೆ ಕಾಫಿ ಹೊಸ್ತಿಲ ಮೇಲೆ ಚೆಲ್ಲಿತು. "ಕಳೆ ಬೇಕಾ ನಿಮಗೆ? ಅದಕ್ಕೇ ತಾನೇ ಹೋದ ವರ್ಷ ಫೋನ್ ಮಾಡಿದ್ದು?"

"ಹೌದು, ನಾನೇ ಮಾಡಿದ್ದು," ಎಂದ ಲೂಥರ್.

ಎರ್ಮಾ ಮುಂದೆ ಬಂದು ನಡೆದದ್ದನ್ನೆಲ್ಲ ಹೇಳಿದಳು. ಸಿಂಪಡಿಸಿದ್ದು, ವಾಸನೆ, ಕಸದ ಚೀಲ, ಸಂಜೆಯ ಊಟ, ಯಾವುದನ್ನೂ ಬಿಡಲಿಲ್ಲ. ಆಮೇಲೆ ಕೇಳಿದಳು: "ನಿಜ ಹೇಳು ರಸ್ಸಲ್, ಇಲ್ಲಿಗೆ ಯಾವತ್ತಾದ್ರೂ ಮದ್ದು ಹೊಡೆದಿದೀಯಾ?"

"ಮದ್ದಾ? ಹುಲ್ಲು ಕೊಯ್ಯೋ ಮೆಷಿನ್ನಿಗೆ ಪೆಟ್ರೋಲ್ ಹಾಕೋಕೇ ನನಗೆ ಪುರುಸೊತ್ತಿಲ್ಲ."

"ನಾಯಿ ಗೀಯಿ ಇದೆಯಾ?"

"ಇಲ್ಲ ಮಿಸೆಸ್ ಕಿಸ್ಲರ್. ಇರೋನು ನಾನೊಬ್ನೇ. ನಾನು ಒಳಗೇ ಹೋಗ್ತೀನಿ."

ಎರ್ಮಾಳಿಗೆ ಎರಡು ದಿನಗಳಲ್ಲಿ ಮೊದಲ ಬಾರಿಗೆ ನಗು ಬಂತು. ರಸ್ಸಲ್ ಗಂಭೀರನಾಗಿ ಬೆರಳೆತ್ತಿದ. "ಕೊಯ್ಕೊಳ್ಳಿ. ಆದ್ರೆ ಒಂದ್ ಮಾತು. ಅವರೂ ಕೊಯ್ಬೇಕು. ನಾನು ಇಲ್ಲಿ ಕೂತು ನೋಡ್ಬೇಕು."

ಹಾಗಾಗಿ ಲೂಥರ್ ಕಿಸ್ಲರ್ ಬೋರಲು ಹಾಕಿದ ಬಕೆಟ್ಟಿನ ಮೇಲೆ ಮೊಣಕಾಲು ನೀಡಿಕೊಂಡು ಕುಳಿತು, ಹಾಡುಹಗಲಿನಲ್ಲಿ, ಬೀದಿಯವರೆಲ್ಲ ನೋಡುವಂತೆ, ಇನ್ನೊಬ್ಬರ ಕಳೆಯನ್ನು ಬುಟ್ಟಿಗೆ ಹಾಕತೊಡಗಿದ. ಗ್ಯಾರೇಜಿನ ಉತ್ತರದ ಗೋಡೆಯ ಬಳಿ ಬಿಸಿಲು ಬೀಳುತ್ತಿರಲಿಲ್ಲವಾಗಿ ಅಲ್ಲಿ ಹೂವಿನ್ನೂ ಬಂದಿರಲಿಲ್ಲ. ಆತ ಎರಡು ಹಲ್ಲಿನ ಉದ್ದನೆಯ ಮೀಟುಗೋಲನ್ನು ಒಂದು ಗಿಡದ ಬುಡಕ್ಕೆ ಚುಚ್ಚಿ ಮೀಟಿದ. ಕ್ಯಾರೆಟ್ಟಿನಷ್ಟು ಉದ್ದದ ಬೇರು ತುದಿಸಹಿತ ಮೇಲೆ ಬಂತು. ಲೂಥರನ ಮುಖ ಅರಳಿತು.

"ನೋಡು, ನೋಡು! ತುದಿ ಕೂಡ ಮುರೀದೆ ಬಂತು!"

"ಏನ್ ಮಾಡ್ತಿದೀಯ ನೀನು?" ಎರ್ಮಾ ಗಂಡನ ಕೈಯಿಂದ ಕೋಲು ಕಿತ್ತುಕೊಂಡಳು. "ಬೇರು ಯಾರಿಗ್ ಬೇಕು? ಮಣ್ಣಿನ ಸ್ವಲ್ಪ ಕೆಳಗೆ, ಎಲೆ ಎಲ್ಲಾ ಸೇರೋ ಕಡೆ, ಓರೆಯಾಗಿ ಕೊಯ್ಯಿ. ಎಲೆ ಬಿಡಿಬಿಡಿ ಆಗ್ಬಾರ್ದು, ಬೇರು ನೆಲದಲ್ಲೇ ಇರ್ಬೇಕು. ಎಲ್ಲಾ ಕಿತ್ತುಹಾಕಿದ್ರೆ ಮುಂದಿನ ವರ್ಷ ಏನ್ ತಿಂತೀಯ?"

"ನನ್ನ ಕೈ ಮಾತು ಕೇಳಲ್ಲ ಎರ್ಮಾ."

"ಕೇಳುತ್ತೆ. ಕಲಿಸು."

ರಸ್ಸಲ್ ಮೆಟ್ಟಿಲ ಮೇಲೆ ಕುಳಿತು ಇನ್ನೊಂದು ಲೋಟ ಕಾಫಿ ಕುಡಿಯುತ್ತ ಪ್ರತಿ ಗಿಡಕ್ಕೂ ತೀರ್ಪು ಕೊಟ್ಟ. "ಬೇರು ಬಂತು, ಬೇರು ಬಂತು! ಮತ್ತೆ ನೆಡಿ ಅದನ್ನ!" ಸ್ವಲ್ಪ ಹೊತ್ತಿಗೆ ಅವನಿಗೂ ಕುಳಿತಿರಲಾಗದೆ ಒಳಗಿನಿಂದ ಅಡುಗೆಯ ಚಾಕು ತಂದು ತಾನೂ ಕೊಯ್ಯತೊಡಗಿದ. ಅವನಿಗೆ ಮೊದಲ ಸಲಕ್ಕೇ ಸರಿಯಾಗಿ ಬಂತು. ಇದನ್ನು ಲೂಥರ್ ಓರೆಗಣ್ಣಿನಿಂದ ಗಮನಿಸಿದ.

ಮಧ್ಯಾಹ್ನ ಚರ್ಚಿನ ಅಡುಗೆಮನೆಯಲ್ಲಿ ತೊಳೆಯುವಾಗ ಎರ್ಮಾ ಬೆಚ್ಚನೆಯ ನೀರಿನ ಪಾತ್ರೆಗೆ ಮುಖ ತಗ್ಗಿಸಿ ಉಸಿರೆಳೆದುಕೊಂಡಳು. ಮಣ್ಣಿನ ವಾಸನೆ, ಹಸಿ ಎಲೆಯ ವಾಸನೆ. ಇನ್ನೊಮ್ಮೆ ಎಳೆದುಕೊಂಡಳು. ಫರ್ನ್ ಪಕ್ಕದಲ್ಲಿ ನಿಂತು, "ಏನೇ, ಅದರೊಳಗೇ ಮುಳುಗಿಹೋಗ್ತೀಯಾ?" ಎಂದಳು. ಆದರೆ ಅವಳೂ ಬಗ್ಗಿ ಮೂಸಿದಳು.

ಸೊಪ್ಪು ಪ್ರತಿವರ್ಷದ ಅರ್ಧದಷ್ಟೂ ಆಗಿರಲಿಲ್ಲ. ತಟ್ಟೆಗೊಂದು ಹಿಡಿ ಬಡಿಸಿ, ಪಕ್ಕಕ್ಕೆ ಹ್ಯಾಮ್, ಬೇಯಿಸಿದ ಆಲೂಗಡ್ಡೆ, ಬೀಟ್‌ರೂಟ್ ರಸದಲ್ಲಿ ಕೆಂಪಾದ ಮೊಟ್ಟೆ ಇಟ್ಟರು. ಈ ವರ್ಷ ಯಾಕೆ ಇಷ್ಟು ಕಡಿಮೆ ಎಂದು ಒಬ್ಬರು ಕೇಳಿದರು. ಎರ್ಮಾ ಬಾಯಿ ತೆರೆಯುವ ಮೊದಲೇ, "ಅದನ್ನ ನನ್ನ ಕೇಳಿ," ಎಂದು ಲೂಥರ್ ಎದ್ದು ನಿಂತು ನಡೆದದ್ದನ್ನು, ಸೊಪ್ಪು ಸಿಕ್ಕಿದ್ದು ರಸ್ಸಲನ ಅಂಗಳದಲ್ಲೆಂಬುದನ್ನೂ ಸೇರಿಸಿ, ನಾಲ್ಕು ಮಾತಿನಲ್ಲಿ ಹೇಳಿ ಕುಳಿತ. ಸಭಾಂಗಣದಲ್ಲಿ ಫೋರ್ಕುಗಳ ಸದ್ದು ನಿಂತಿತು. ಅಲ್ಲಿದ್ದವರಲ್ಲಿ ಬಹುಮಂದಿಯ ಅಂಗಳದಲ್ಲೂ ಅದೇ ಬಾವುಟಗಳಿದ್ದವು. ಆಮೇಲೆ ಒಬ್ಬೊಬ್ಬರಾಗಿ ತಟ್ಟೆಯಲ್ಲಿದ್ದ ಹಿಡಿ ಸೊಪ್ಪನ್ನು ನಿಧಾನವಾಗಿ, ಒಂದೆಲೆಯೂ ಉಳಿಯದಂತೆ ತಿಂದರು.

ರಸ್ಸಲ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಮೊದಲ ತುತ್ತಿಗೆ ಅವನ ಮುಖ ಹಿಂಡಿತು. "ಇದಕ್ಕಾ ಇಷ್ಟೆಲ್ಲ ಗಲಾಟೆ?" ಎಂದು ಎರ್ಮಾಳ ಕಿವಿಯಲ್ಲಿ ಕೇಳಿದ. ಆದರೂ ತಟ್ಟೆ ಖಾಲಿ ಮಾಡಿ, ಆ ಗೊಜ್ಜನ್ನು ಬರೀ ಆಲೂಗಡ್ಡೆಯ ಮೇಲೆ ಹಾಕಿಸಿಕೊಂಡು ಎರಡನೆಯ ಸಲ ತಿಂದ.

ಹಬ್ಬ ಕಳೆದು ಕೆಲವು ವಾರಗಳಾದ ಮೇಲೆ ಒಂದು ಶನಿವಾರ ಎರ್ಮಾ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ರಸ್ಸಲ್ ಬೇಲಿಯ ಬಳಿ ಬಂದ. ಲೂಥರ್ ಬೇಲಿಯ ಈಚೆ ಹುಲ್ಲು ಕೊಯ್ಯುವ ಯಂತ್ರದ ಅಲಗನ್ನು ಮಸೆಯುತ್ತಿದ್ದ.

"ಮಿಸ್ಟರ್ ಕಿಸ್ಲರ್, ಆ ಕಂಪನಿ ಫೋನ್ ನಂಬರ್ ಕೊಡ್ತೀರಾ? ಅವತ್ತು ಚರ್ಚಿನವರೆಲ್ಲ ನನ್ನ ಅಂಗಳದ ವಿಷಯಾನೇ ಮಾತಾಡಿದ್ರು. ನನಗೂ ಸಾಕಾಯ್ತು. ಒಂದ್ಸಲ ಎಲ್ಲಾ ಶುದ್ಧ ಮಾಡಿಸಿಬಿಡ್ತೀನಿ, ನಿಮ್ಮದರ ಹಾಗೆ."

ಎರ್ಮಾಳ ಕೈಯಲ್ಲಿದ್ದ ದಿಂಬಿನ ಚೀಲ ಅರ್ಧಕ್ಕೆ ನಿಂತಿತು. ಮಳೆ, ಹಿಮ ತೊಳೆಯುತ್ತದೆಂಬ ಹಳೆಯ ಸಮಾಧಾನ ಆ ವಾಸನೆಯ ಮೇಲೆ ಉಳಿದಿರಲಿಲ್ಲ; ತನ್ನ ಹಿತ್ತಿಲು ಮತ್ತೆ ಬುಟ್ಟಿ ಇಡಲು ಯೋಗ್ಯವಾಗಬೇಕಾದರೆ ಎಷ್ಟು ವರ್ಷ ಬೇಕೋ ಆಕೆಗೆ ಗೊತ್ತಿರಲಿಲ್ಲ. ಅಲ್ಲಿಯವರೆಗೆ ಈ ಊರಿನಲ್ಲಿ ಇದ್ದದ್ದು ಇದೊಂದೇ ಅಂಗಳ. ಗಂಡ ಏನು ಹೇಳುತ್ತಾನೋ ಎಂದು ಹಾಸುಬಟ್ಟೆಯ ಹಿಂದೆ ನಿಂತು ಕಿವಿಗೊಟ್ಟಳು.

"ಕೊಡಲ್ಲ," ಎಂದ ಲೂಥರ್.

"ಯಾಕ್ರೀ?"

"ನಿನ್ನ ಹುಲ್ಲಿಗೆ ಬೇಕಾಗಿರೋದು ಮದ್ದಲ್ಲ, ಬುದ್ಧಿ. ನೀನು ಎರಡು ತಿಂಗಳು ಕೊಯ್ಯಲ್ಲ; ಕೊಯ್ದ ದಿನ ಬೋಳು ತಲೆ ಮಾಡ್ತೀಯ. ಯಂತ್ರದ ಅಲಗು ಮೇಲೆ ಏರಿಸು. ನಾಲ್ಕು ಬೆರಳಷ್ಟು ಎತ್ತರ ಬಿಟ್ಟು ಕೊಯ್ಯಿ. ಹುಲ್ಲು ಎತ್ತರ ಇದ್ರೆ ಬುಡಕ್ಕೆ ಬಿಸಿಲು ಬೀಳಲ್ಲ, ಕಳೆ ಮೊಳೆಯಲ್ಲ. ಕೊಯ್ದಿದ್ದನ್ನ ಗುಡಿಸಿ ಚೀಲಕ್ಕೆ ತುಂಬಬೇಡ, ಅಲ್ಲೇ ಬಿಡು, ಅದೇ ಗೊಬ್ಬರ. ಬೋಳು ಇರೋ ಕಡೆ ಆ ಮೂರೆಲೆ ಕ್ಲೋವರ್ ಗಿಡದ ಬೀಜ ಚೆಲ್ಲು."

"ಕ್ಲೋವರ್ ಕಳೆ ಅಲ್ವಾ?"

"ನಮ್ಮಪ್ಪನ ಕಾಲದಲ್ಲಿ ಹುಲ್ಲಿನ ಬೀಜದ ಚೀಲಕ್ಕೇ ಅದನ್ನ ಬೆರೆಸಿ ಮಾರ್ತಿದ್ರು. ಆಮೇಲೆ ಈ ಮದ್ದು ಬಂತು. ಮದ್ದು ಹಾಕಿದ್ರೆ ಕ್ಲೋವರೂ ಸಾಯ್ತಿತ್ತು. ಅದಕ್ಕೇ ಅದನ್ನೂ ಕಳೆ ಅಂತ ಕರೆದುಬಿಟ್ರು."

ರಸ್ಸಲ್ ಬೇಲಿಯ ಮೇಲೆ ಮೊಣಕೈಯೂರಿದ. "ಇಷ್ಟೆಲ್ಲ ಗೊತ್ತಿದ್ದೂ ನೀವ್ಯಾಕೆ ಹೊಡೆಸ್ತೀರಿ?"

"ಚಟ," ಎಂದ ಲೂಥರ್. "ನಿನಗೆ ಯಾಕೆ ಹತ್ತಿಸ್ಲಿ?"

"ಮತ್ತೆ ಡ್ಯಾಂಡೆಲಿಯನ್?"

"ಅದನ್ನ ಮುಟ್ಟಬೇಡ. ಅದು ನನ್ನ ಹೆಂಡತೀದು."

ಎರ್ಮಾ ದಿಂಬಿನ ಚೀಲಕ್ಕೆ ಕ್ಲಿಪ್ ಹಾಕಿದಳು. ಮುಂದಿನ ಅಂಗಳದ ಚಟ ಬಿಡಿಸುವ ಮಾತನ್ನು ಅಂದೇ ಎತ್ತಬೇಕೆನಿಸಿತು. ಸ್ಮಶಾನದ ಮಾತೂ ಇತ್ತು. ಆದರೆ ಒಂದೇ ದಿನಕ್ಕೆ ಅಷ್ಟು ಸಾಕೆಂದು ಬಟ್ಟೆಯ ಬುಟ್ಟಿಯನ್ನು ಎತ್ತಿಕೊಂಡು, ಬೇಲಿಯಾಚೆ ನಿಂತವನನ್ನು ಮಧ್ಯಾಹ್ನದ ಊಟಕ್ಕೆ ಕರೆದಳು.